ಆಮ್ಲಜನಕಕ್ಕೆ ಅಂಜುವ ಬೆಳಕು

ಹಗೇವು ಎಂಬುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು; ನೋಡದವರು ಹಿರಿಯರ ಬಾಯಲ್ಲಿ ಕೇಳಿರಬಹುದು. ಬಯಲುಸೀಮೆಯ ಊರುಗಳಲ್ಲಿ ಜೋಳ, ರಾಗಿಗಳನ್ನು ವರ್ಷಗಟ್ಟಲೆ ಕೆಡದಂತೆ ಕಾಪಾಡುತ್ತಿದ್ದ ನೆಲದೊಳಗಿನ ಕಣಜ ಅದು. ಬಾಯಿ ಕಿರಿದು, ಒಡಲು ಹಿರಿದು. ಅದನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಒಂದಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಅನಂತರ ಹಗ್ಗದ ತುದಿಗೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಆಳು ಇಳಿಯಬಹುದು. ಆರಿಹೋದರೆ ಇನ್ನಷ್ಟು ಕಾಯಬೇಕು. ಕಾಳು ಕೂಡ ಉಸಿರಾಡುತ್ತದೆ, ಮುಚ್ಚಿದ ಗುಂಡಿಯ ಆಮ್ಲಜನಕವನ್ನು ತೀರಿಸಿ ಅಲ್ಲಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತದೆ ಎಂಬ ರಸಾಯನಶಾಸ್ತ್ರ ಆ ಒಕ್ಕಲಿಗನಿಗೆ ಬೇಕಿರಲಿಲ್ಲ. ದೀಪಕ್ಕೂ ತನಗೂ ಬೇಕಾದ ಗಾಳಿ ಒಂದೇ ಎಂಬುದಷ್ಟು ಅವನಿಗೆ ಗೊತ್ತಿತ್ತು.

ಇಂದು ನಾನು ಹೇಳಹೊರಟಿರುವ ಉಪಕರಣವೂ ಬೆಳಕಿನಿಂದಲೇ ಆಮ್ಲಜನಕವನ್ನು ಅಳೆಯುತ್ತದೆ. ಆದರೆ ಅದರ ನಡೆ ಲಾಟೀನಿನ ನಡೆಗೆ ತೀರ ತಿರುಗುಮುರುಗು. ಲಾಟೀನು ಆಮ್ಲಜನಕವಿಲ್ಲದಲ್ಲಿ ಆರುತ್ತದೆ. ಇದು ಆಮ್ಲಜನಕವಿದ್ದಲ್ಲಿ ಮಂಕಾಗುತ್ತದೆ.

ಅಳತೆ ಯಾರಿಗೆ ಬೇಕು ಎಂಬುದನ್ನು ಮೊದಲು ನೋಡೋಣ. ಬಿಯರ್ ತಯಾರಿಸುವವನಿಗೆ ಬೇಕು: ಹುದುಗು ಬೆಳೆಯುವ ಮೊದಲ ಗಳಿಗೆಯಲ್ಲಿ ಆಮ್ಲಜನಕ ಬೇಕೇ ಬೇಕು, ಸೀಸೆಗೆ ತುಂಬುವಾಗ ಅದು ಲೀಟರಿಗೆ ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು ಉಳಿದರೂ ರುಚಿ ಕೆಡುತ್ತದೆ. ಪೆನಿಸಿಲಿನ್ ಬೆಳೆಸುವವನಿಗೆ ಬೇಕು: ಬೂಷ್ಟಿಗೆ ಉಸಿರು ಕಟ್ಟಿದರೆ ಔಷಧಿ ಇಲ್ಲ. ಕೊಳವೆಗಳು ತುಕ್ಕು ಹಿಡಿಯದಿರಲೆಂದು ಬಾಯ್ಲರಿನವನಿಗೆ ಬೇಕು. ಇವರನ್ನೆಲ್ಲ ಬಿಟ್ಟು, ನಗರವಾಸಿಗಳಾದ ನಮ್ಮೆಲ್ಲರಿಗೂ ಸಂಬಂಧಿಸಿದ, ಆದರೆ ನಾವು ಮೂಗು ಮುಚ್ಚಿಕೊಂಡು ದೂರವಿಡುವ ಒಂದು ಉದ್ಯಮವನ್ನು ನಾನು ಆರಿಸಿಕೊಂಡಿದ್ದೇನೆ. ಅದು ಕೊಳಚೆನೀರಿನ ಶುದ್ಧೀಕರಣ.

ಕೊಳಚೆಗೆ ಗಾಳಿ ಊದಿ, ಅದರಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಹೊಸ ಕೊಳಚೆಗೆ ಅದನ್ನೇ ಮತ್ತೆ ಬೆರೆಸಿದರೆ ನೀರು ಬೇಗ ತಿಳಿಯಾಗುತ್ತದೆಂದು ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು 1914ರಲ್ಲಿ ಪ್ರಕಟಿಸಿದರು. ಹಳೆಯ ಮಜ್ಜಿಗೆಯಿಂದ ಹಾಲಿಗೆ ಹೆಪ್ಪು ಹಾಕುವ ಮನೆಯವರಿಗೆ ಈ ಉಪಾಯ ಹೊಸದೆನಿಸದು. ಅವರಿಬ್ಬರನ್ನು ಈ ದಾರಿಗೆ ಹಚ್ಚಿದವರು ಗಿಲ್ಬರ್ಟ್ ಫೌಲರ್. ಅದೇ ಫೌಲರ್ 1916ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. ಕೊಳಚೆಯ ವಿಜ್ಞಾನಕ್ಕೂ ನಮ್ಮ ಊರಿಗೂ ನಂಟು ಅಷ್ಟು ಹಳೆಯದು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಹೀಗೆ ತಿಳಿಯಾದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅದರ ಶುದ್ಧತೆ ಸಾಕೆ, ಸಾಲದೆ ಎಂಬ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಬರಡಾಗಿದ್ದ ಕೆರೆಯಲ್ಲಿ ನೀರು ಕಂಡ ರೈತನಿಗೂ, ಆ ನೀರಿನ ಗುಣವನ್ನು ಶಂಕಿಸುವವನಿಗೂ, ಉತ್ತರ ಸಿಗಬೇಕಾದದ್ದು ಗಾಳಿ ಊದುವ ತೊಟ್ಟಿಗಳಂಥ ತಾಣಗಳಲ್ಲೇ.

ತೊಟ್ಟಿಯೊಳಗಿನ ಲೆಕ್ಕ ಬಹಳ ಬಿಗಿಯಾದದ್ದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. 25 ಡಿಗ್ರಿಯ ಒಂದು ಲೀಟರ್ ನೀರು, ಸಮುದ್ರಮಟ್ಟದಲ್ಲಿ, ಕಂಠಮಟ್ಟ ಕುಡಿದರೂ ಅದರಲ್ಲಿ ಕರಗುವುದು ಎಂಟೂಕಾಲು ಮಿಲಿಗ್ರಾಂ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಸುಮಾರು 7.4 ಮಾತ್ರ. ಈ ಬಡತನದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಉಸಿರಾಡಬೇಕು. ಸಾಮಾನ್ಯವಾಗಿ ತೊಟ್ಟಿಯಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕ ಉಳಿಯುವಂತೆ ಗಾಳಿ ಊದುತ್ತಾರೆ. ಅರ್ಧ ಮಿಲಿಗ್ರಾಮಿಗಿಂತ ಕೆಳಗಿಳಿದರೆ ಎಳೆಎಳೆಯಾದ ಜೀವಿಗಳು ಮೇಲುಗೈ ಪಡೆದು ಕೆಸರು ತಳಕ್ಕಿಳಿಯದೆ ನೀರಿನೊಂದಿಗೇ ಹೊರಟುಬಿಡುತ್ತದೆ. ಅಮೋನಿಯ ಅಮೋನಿಯವಾಗಿಯೇ ಕೆರೆ ಸೇರುತ್ತದೆ. ಹಾಗಾದರೆ ಧಾರಾಳವಾಗಿ ಊದಬಾರದೇಕೆ? ನೀರು ಆಮ್ಲಜನಕವನ್ನು ಹೀರುವ ವೇಗ ಅದರ ಹಸಿವಿಗೆ ತಕ್ಕಂತೆ ಇರುತ್ತದೆ. 2 ಮಿಲಿಗ್ರಾಂ ಇದ್ದಾಗ ಹಸಿವು 5.4, ಅದನ್ನು 4ಕ್ಕೆ ಏರಿಸಿದರೆ ಹಸಿವು 3.4ಕ್ಕೆ ಇಳಿಯಿತು. ಅಷ್ಟೇ ಆಮ್ಲಜನಕವನ್ನು ಒಳಗೆ ತಳ್ಳಲು ಈಗ ಒಂದೂವರೆ ಪಟ್ಟಿಗೂ ಮಿಗಿಲಾಗಿ ಗಾಳಿ ಊದಬೇಕು. ಇಂಥ ಆಗಾರಗಳಲ್ಲಿ ಖರ್ಚಾಗುವ ವಿದ್ಯುತ್ತಿನ ಸುಮಾರು ಅರ್ಧಪಾಲು ಈ ಊದುವುದಕ್ಕೇ ಹೋಗುತ್ತದೆಂಬುದನ್ನು ನೆನೆದರೆ, ಒಂದೆರಡು ಮಿಲಿಗ್ರಾಮಿನ ಬೆಲೆ ತಿಳಿದೀತು.

ಅಳೆಯುವುದು ಹೇಗೆ? ಹಂಗೆರಿಯ ವಿಂಕ್ಲರ್ 1888ರಲ್ಲಿ ಕಂಡುಹಿಡಿದ ರಾಸಾಯನಿಕ ವಿಧಾನ ಇಂದಿಗೂ ನಂಬಿಕಸ್ಥವಾದದ್ದು. ಆದರೆ ಸೀಸೆಯಲ್ಲಿ ನೀರು ಹಿಡಿದು, ಬೆರೆಸಿ, ಹನಿಹನಿಯಾಗಿ ಅಳೆದು ಮುಗಿಸುವ ಹೊತ್ತಿಗೆ ತೊಟ್ಟಿಯ ಸ್ಥಿತಿ ಬದಲಾಗಿರುತ್ತದೆ. 1956ರಲ್ಲಿ ಅಮೆರಿಕದ ಲೆಲೆಂಡ್ ಕ್ಲಾರ್ಕ್ ಪ್ರಕಟಿಸಿದ ವಿದ್ಯುದಗ್ರ ಈ ಕೆಲಸವನ್ನು ಕ್ಷಣಕಾರ್ಯವಾಗಿಸಿತು. ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ದಾಟಿ ಬಂದ ಆಮ್ಲಜನಕ ಪ್ಲಾಟಿನಮ್ಮಿನ ಮೇಲೆ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಹರಿದ ವಿದ್ಯುತ್ತೇ ಅಳತೆ. ರಕ್ತವನ್ನು ಪರೀಕ್ಷಿಸಲೆಂದು ಹುಟ್ಟಿದ ಈ ಜಾಣ ಉಪಕರಣ ಕೊಳಚೆಗೂ ಇಳಿಯಿತು. ಆದರೆ ಅದಕ್ಕೊಂದು ದೋಷ: ಅಳೆಯಬೇಕಾದುದನ್ನೇ ಅದು ತಿನ್ನುತ್ತದೆ. ಎದುರಿನ ನೀರು ಸದಾ ಚಲಿಸುತ್ತಿರಬೇಕು, ಇಲ್ಲವಾದರೆ ತಾನು ತಿಂದು ಬರಿದಾಗಿಸಿದ ನೀರನ್ನೇ ಅಳೆದು ಕಡಿಮೆ ಹೇಳುತ್ತದೆ. ಪೊರೆ ಹರಿಯುತ್ತದೆ, ಒಳಗಿನ ದ್ರವ ಸವೆಯುತ್ತದೆ, ಕೊಳಚೆಯಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡ್ ಅದರ ಬೆಳ್ಳಿಯ ಅಗ್ರವನ್ನು ಕೆಡಿಸುತ್ತದೆ.

ಈಗ ಬೆಳಕಿನ ಮಾತಿಗೆ ಬರೋಣ. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಬೀರುತ್ತವೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನಿನ ದ್ರಾವಣ ಬಿಸಿಲಿನಲ್ಲಿ ನೀಲಿಯಾಗಿ ಮಿನುಗುವುದನ್ನು ಜಾನ್ ಹರ್ಷೆಲ್ 1845ರಲ್ಲಿ ವರ್ಣಿಸಿದ. 1852ರಲ್ಲಿ ಸ್ಟೋಕ್ಸ್ ಅದರ ಗುಟ್ಟನ್ನು ಬಿಡಿಸಿ ಹೆಸರಿಟ್ಟ. ನಾವು ಪ್ರತಿದೀಪ್ತಿ ಎನ್ನುತ್ತೇವೆ. ಬೆಳಕನ್ನು ನುಂಗಿದ ಅಣು ಉದ್ರಿಕ್ತವಾಗಿ, ಕ್ಷಣಕಾಲ ಹಾಗೆಯೇ ಇದ್ದು, ಆ ಶಕ್ತಿಯನ್ನು ಬೇರೆ ಬೆಳಕಾಗಿ ಬಿಟ್ಟುಕೊಡುತ್ತದೆ. ಆ ಕ್ಷಣದ ನಡುವೆ ಯಾರಾದರೂ ಬಂದು ಶಕ್ತಿಯನ್ನು ಕಸಿದುಕೊಂಡರೆ ಬೆಳಕು ಹೊಮ್ಮುವುದಿಲ್ಲ. ಹಾಗೆ ಕಸಿಯುವುದರಲ್ಲಿ ಆಮ್ಲಜನಕ ಎತ್ತಿದ ಕೈ. ಬಹುತೇಕ ಅಣುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಸಂಸಾರ ಹೂಡಿರುತ್ತವೆ. ಆಮ್ಲಜನಕದಲ್ಲಿ ಮಾತ್ರ ಎರಡು ಎಲೆಕ್ಟ್ರಾನುಗಳು ಒಂಟಿಯಾಗಿವೆ. ಅಯಸ್ಕಾಂತ ಅದನ್ನು ಸೆಳೆಯುವುದಕ್ಕೂ, ಅದು ಉದ್ರಿಕ್ತ ಅಣುವಿನ ಶಕ್ತಿಯನ್ನು ಸುಲಭವಾಗಿ ತೆಗೆದುಕೊಳ್ಳುವುದಕ್ಕೂ ಈ ಒಂಟಿಗರೇ ಕಾರಣ. ಜರ್ಮನಿಯ ಹಾನ್ಸ್ ಕೌಟ್‌ಸ್ಕಿ 1930ರ ದಶಕದಲ್ಲಿ, ಸಿಲಿಕಾ ಹರಳುಗಳಿಗೆ ಬಣ್ಣಗಳನ್ನು ಅಂಟಿಸಿ, ಅತ್ಯಲ್ಪ ಆಮ್ಲಜನಕ ಸುಳಿದರೂ ಅವುಗಳ ಹೊಳಪು ಕುಂದುವುದನ್ನು ತೋರಿಸಿದ. ಕಸಿದ ಶಕ್ತಿಯನ್ನು ಆಮ್ಲಜನಕ ಬಹುಪಾಲು ಶಾಖವಾಗಿ ಚೆಲ್ಲಿ ಮೊದಲಿನಂತಾಗುತ್ತದೆ. ಇಲ್ಲಿ ಏನೂ ಸವೆಯಲಿಲ್ಲ, ತಿನ್ನಲಿಲ್ಲ. ಕ್ಲಾರ್ಕನ ವಿದ್ಯುದಗ್ರಕ್ಕೂ ಇದಕ್ಕೂ ಇರುವ ಮುಖ್ಯ ಭೇದ ಇದು.

ಇಂದಿನ ಸಂವೇದಕದ ತುದಿಯಲ್ಲಿ ಬೆರಳುಟೊಪ್ಪಿಗೆಯಂಥ ಒಂದು ಮುಚ್ಚಳವಿರುತ್ತದೆ. ಅದರೊಳಗೆ ಸಿಲಿಕೋನ್ ಅಥವಾ ಅಂಥದೇ ಪದರದಲ್ಲಿ ರುಥೇನಿಯಮ್ಮಿನ ಇಲ್ಲವೆ ಪ್ಲಾಟಿನಮ್ಮಿನ ಸಂಯುಕ್ತವೊಂದನ್ನು ಹುದುಗಿಸಿರುತ್ತಾರೆ. ರುಥೇನಿಯಮ್ಮಿನದಾದರೆ ನೀಲಿ ಬೆಳಕು ಬಿದ್ದಾಗ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. (ಪಂಡಿತರ ಕಟ್ಟುನಿಟ್ಟಿನಲ್ಲಿ ಇದಕ್ಕೆ ಪ್ರತಿದೀಪ್ತಿ ಎಂಬ ಹೆಸರು ಸಲ್ಲದು, ಕಾರ್ಖಾನೆಯವರು ಆ ಜಗಳಕ್ಕೆ ಹೋಗುವುದಿಲ್ಲ.) ಹೊಳಪು ಎಷ್ಟಿದೆಯೆಂದು ಅಳೆದರೆ ಸಾಕಲ್ಲವೆ ಎಂದು ನೀವು ಕೇಳಬಹುದು. ಸಾಲದು. ಬಣ್ಣ ಮಾಸಿದರೂ, ದೀಪ ಹಳತಾದರೂ ಹೊಳಪು ಕುಂದುತ್ತದೆ; ಅದಕ್ಕೆ ಆಮ್ಲಜನಕವನ್ನು ದೂರುವಂತಿಲ್ಲ. ಆದ್ದರಿಂದ ಹೊಳಪನ್ನು ಬಿಟ್ಟು, ಹೊಳಪು ಬಾಳುವ ಕಾಲವನ್ನು ಅಳೆಯುತ್ತಾರೆ.

ಗುಡಿಯ ಘಂಟೆಯನ್ನು ನೆನೆಯಿರಿ. ಮೆಲ್ಲನೆ ಬಾರಿಸಲಿ, ಜೋರಾಗಿ ಬಾರಿಸಲಿ, ನಾದ ಅರ್ಧಕ್ಕಿಳಿಯಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಆದರೆ ಅಂಚಿಗೆ ಕೈ ತಾಕಿಸಿದಿರೋ, ನಾದ ಬೇಗ ಅಡಗುತ್ತದೆ. ಇಲ್ಲಿ ಆ ಕೈ ಆಮ್ಲಜನಕ. ಬಾಳುವ ಕಾಲವೋ ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಅದನ್ನು ನೇರವಾಗಿ ಎಣಿಸುವ ಬದಲು, ನೀಲಿ ದೀಪವನ್ನು ಸೆಕೆಂಡಿಗೆ ಸಾವಿರಾರು ಬಾರಿ ಏರಿಳಿಸುತ್ತಾರೆ. ಕೆಂಪು ಬೆಳಕೂ ಏರಿಳಿಯುತ್ತದೆ, ಆದರೆ ತಾಳಕ್ಕೆ ತುಸು ಹಿಂದೆ ಬೀಳುವ ಮದ್ದಳೆಗಾರನಂತೆ ಕೊಂಚ ತಡವಾಗಿ. ಆ ತಡವೇ ಅಳತೆ. ಆಮ್ಲಜನಕ ಹೆಚ್ಚಿದಷ್ಟೂ ತಡ ಕಡಿಮೆ.

ಕಾಲದಿಂದ ಆಮ್ಲಜನಕಕ್ಕೆ ಹೋಗುವ ಸೂತ್ರವನ್ನು 1919ರಲ್ಲೇ ಸ್ಟರ್ನ್ ಮತ್ತು ಫೋಲ್ಮರ್ ಕೊಟ್ಟಿದ್ದರು. ಒಂದು ಬಣ್ಣ ಆಮ್ಲಜನಕವಿಲ್ಲದಾಗ 6 ಮೈಕ್ರೊಸೆಕೆಂಡು, ಬಯಲ ಗಾಳಿಯಲ್ಲಿ 3 ಮೈಕ್ರೊಸೆಕೆಂಡು ಬಾಳುತ್ತದೆಂದು ಇಟ್ಟುಕೊಳ್ಳಿ. ಆರನ್ನು ಮೂರರಿಂದ ಭಾಗಿಸಿ ಒಂದು ಕಳೆದರೆ ಉಳಿಯುವುದು ಒಂದು. ಅದು 21 ಶೇಕಡ ಆಮ್ಲಜನಕದ ಗುರುತು. ಇನ್ನೊಂದೆಡೆ ಅದೇ ಬಣ್ಣ 4 ಮೈಕ್ರೊಸೆಕೆಂಡು ಬಾಳಿದರೆ, ಭಾಗಲಬ್ಧ ಒಂದೂವರೆ, ಒಂದು ಕಳೆದರೆ ಅರ್ಧ. ಅಲ್ಲಿರುವುದು ಹತ್ತೂವರೆ ಶೇಕಡ. ನಿಜವಾದ ಪದರಗಳು ಇಷ್ಟು ಸರಳವಾಗಿ ನಡೆದುಕೊಳ್ಳುವುದಿಲ್ಲ. ಸೂತ್ರದ ಗೆರೆ ಸ್ವಲ್ಪ ಬಾಗುತ್ತದೆ. ಉಷ್ಣತೆ ಏರಿದರೂ ಬಾಳು ಕುಗ್ಗುತ್ತದೆ. ಹಾಗಾಗಿ ಪ್ರತಿ ಸಂವೇದಕದೊಳಗೂ ಒಂದು ಉಷ್ಣಮಾಪಕ ಜೊತೆಗಿರಲೇಬೇಕು.

ಹೈಡ್ರೊಜನ್ ಸಲ್ಫೈಡಿಗೆ ಇದು ಜಗ್ಗದು, ನಿಂತ ನೀರಿನಲ್ಲೂ ನಿಜ ಹೇಳುತ್ತದೆ, ದ್ರವ ತುಂಬುವ ಗೋಜಿಲ್ಲ. ಆದರೆ ತೊಟ್ಟಿಯ ಜೀವಿಗಳು ಮುಚ್ಚಳದ ಮೇಲೂ ಲೋಳೆಯಾಗಿ ನೆಲಸುತ್ತವೆ. ಆ ಲೋಳೆ ಬಂದ ಆಮ್ಲಜನಕವನ್ನು ತಾನೇ ಉಂಡು, ತೊಟ್ಟಿ ಹಸಿದಿದೆಯೆಂದು ಮಾಪಕಕ್ಕೆ ತೋರಿಸುತ್ತದೆ. ಮಾಪಕವನ್ನು ನಂಬಿದ ಯಂತ್ರ ಇನ್ನಷ್ಟು ಗಾಳಿ ಊದುತ್ತದೆ. ವಿದ್ಯುತ್ತಿನ ಲೆಕ್ಕ ಏರುತ್ತದೆ, ನೀರೇನೂ ಹೆಚ್ಚು ಶುದ್ಧವಾಗುವುದಿಲ್ಲ. ಇಷ್ಟೆಲ್ಲ ಸೂಕ್ಷ್ಮವಾದ ಉಪಕರಣದ ಮರ್ಯಾದೆ ಉಳಿಯುವುದು, ಕೊನೆಗೆ, ಒದ್ದೆ ಬಟ್ಟೆ ಹಿಡಿದು ಆಗಾಗ್ಗೆ ಅದನ್ನು ಒರೆಸುವ ಕೆಲಸಗಾರನ ಕೈಯಲ್ಲಿ. ಬಣ್ಣವೂ ಮೆಲ್ಲಗೆ ಮಾಸುತ್ತದೆ; ವರ್ಷಕ್ಕೋ ಎರಡು ವರ್ಷಕ್ಕೋ ಮುಚ್ಚಳ ಬದಲಿಸಬೇಕು.

ಇನ್ನೊಂದು ಬಳಕೆಯನ್ನು ಹೇಳದೆ ಬಿಡುವಂತಿಲ್ಲ. ಔಷಧಿ, ಬಣ್ಣಗಳ ಕಾರ್ಖಾನೆಗಳಲ್ಲಿ ಬೇಗ ಹೊತ್ತಿಕೊಳ್ಳುವ ದ್ರಾವಕಗಳನ್ನು ತುಂಬಿದ ತೊಟ್ಟಿಗಳಿರುತ್ತವೆ. ದ್ರವದ ಮೇಲಿನ ಜಾಗಕ್ಕೆ ಸಾರಜನಕ ತುಂಬಿ ಆಮ್ಲಜನಕವನ್ನು ಅಟ್ಟಿದರೆ, ಕಿಡಿ ಬಿದ್ದರೂ ಬೆಂಕಿಯಿಲ್ಲ. ಇಂಥ ಅನೇಕ ಆವಿಗಳಿಗೆ ಅಪಾಯದ ಗಡಿ ಶೇಕಡ ಹತ್ತರ ಆಸುಪಾಸಿನಲ್ಲಿದೆ. ಅದಕ್ಕೂ ಸಾಕಷ್ಟು ಕೆಳಗೆ ಇಡುತ್ತಾರೆ. ಹೊಗೆಕೊಳವೆಗಳಲ್ಲಿ ಬಳಸುವ ಜಿರ್ಕೋನಿಯ ಮಾಪಕ ಕೆಲಸ ಮಾಡಲು ನೂರಾರು ಡಿಗ್ರಿ ಕಾಯಬೇಕು. ಈ ಆವಿಗಳ ನಡುವೆ ಅದೇ ಒಂದು ಕಿಡಿ. ಬಣ್ಣದ ಪದರವನ್ನಾದರೋ ಗಾಜಿನ ಎಳೆಯ ತುದಿಯಲ್ಲಿಟ್ಟು ತೊಟ್ಟಿಯೊಳಕ್ಕೆ ಬರಿಯ ಬೆಳಕನ್ನು ಕಳಿಸಬಹುದು; ವಿದ್ಯುತ್ತು ಹೊರಗೇ ಉಳಿಯುತ್ತದೆ.

ಬೆಂಕಿಯಿಂದ ಉಳಿಸಿದ ಆ ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೊಳೆಯಲೆಂದು ತೊಟ್ಟಿಯನ್ನು ಬರಿದು ಮಾಡಿದ ಮೇಲೂ ಅದು ಒಳಗೇ ನಿಂತಿರಬಹುದು. ಒಳಗಿಳಿದವನು ಒಂದೆರಡು ಉಸಿರಿಗೆ ಎಚ್ಚರ ತಪ್ಪುತ್ತಾನೆ; ಎತ್ತಲು ಇಳಿದವನೂ ಅವನ ಪಕ್ಕದಲ್ಲಿ ಬೀಳುತ್ತಾನೆ. ಲಾಟೀನನ್ನು ಇಲ್ಲಿ ಇಳಿಬಿಡುವಂತಿಲ್ಲ, ಆವಿ ಉಳಿದಿದ್ದರೆ ಅದೇ ಹೊತ್ತಿಸೀತು. ಅದಕ್ಕಾಗಿ ಮೇಲೆ, ನಡುವೆ, ತಳದಲ್ಲಿ, ಮೂರು ಕಡೆ ಮಾಪಕವನ್ನು ಇಳಿಬಿಟ್ಟು ನೋಡುತ್ತಾರೆ. ಮೂರರಲ್ಲಿ ಒಂದು ಕಡೆ ಹತ್ತೊಂಬತ್ತೂವರೆ ಶೇಕಡಕ್ಕಿಂತ ಕಡಿಮೆ ಕಂಡರೂ ಗಾಳಿಯಾಡಿಸಿ, ಮತ್ತೆ ಅಳೆದು, ವಿಷಾನಿಲವೂ ಇಲ್ಲವೆಂದು ನೋಡಿಕೊಂಡು, ಆಮೇಲೆ ಆಳನ್ನು ಇಳಿಸಬೇಕು.