ಹಳೆಯ ಜೀಪು ಮತ್ತು ಕೆಂಪು ಧೂಳು

ಎತ್ತಿನ ವಯಸ್ಸನ್ನು ರೈತನು ಅದರ ಹಲ್ಲು ನೋಡಿ ಹೇಳುತ್ತಾನೆ. ಜೀಪಿನ ವಯಸ್ಸನ್ನು ಹೇಳಲು ನೋಂದಣಿಯ ಪುಸ್ತಕವೊಂದೇ ಸಾಲದು. ಒಂದೇ ವರ್ಷ ಕಾರ್ಖಾನೆಯಿಂದ ಹೊರಬಿದ್ದ ಎರಡು ಜೀಪುಗಳಲ್ಲಿ ಒಂದು ಗುಜರಿ ಸೇರಿದ್ದರೆ, ಇನ್ನೊಂದು ಇಂದಿಗೂ ಈರುಳ್ಳಿಯ ಮೂಟೆ ಹೊತ್ತು ಸಂತೆಗೆ ಹೋಗುತ್ತಿರುವುದುಂಟು. ಈ ಅಂತರಕ್ಕೆ ಕಾರಣ ಬಹುಮಟ್ಟಿಗೆ ಅದೃಷ್ಟವಲ್ಲ, ಆರೈಕೆ.

ಎರಡನೆಯ ಮಹಾಯುದ್ಧದ ರಣರಂಗಕ್ಕೆಂದು ಅಮೆರಿಕದಲ್ಲಿ ರೂಪುಗೊಂಡ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆಯವರು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1947ರಲ್ಲಿ. ಆ ವಂಶದ ಕುಡಿಗಳೂ, 2000ದಲ್ಲಿ ಬಂದ ಬೊಲೆರೊ ಗಾಡಿಯೂ ನಮ್ಮ ಹಳ್ಳಿಗಳಲ್ಲಿ ಹೇರಿಗೂ ಸೈ, ದಿಬ್ಬಣಕ್ಕೂ ಸೈ. ನಡುರಾತ್ರಿಯಲ್ಲಿ ಬಸುರಿಯನ್ನು ದುರ್ಗದ ಆಸ್ಪತ್ರೆಗೆ ಮುಟ್ಟಿಸಬೇಕಾಗಿ ಬಂದಾಗ ಗಾಡಿಯ ಆರೋಗ್ಯವು ಒಡೆಯನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನ ಸೀಮೆ ಮಳೆ ಕಡಮೆಯಾದ, ಕಬ್ಬಿಣದ ಅದಿರು ಸಿಗುವ ನೆಲ. ಇಲ್ಲಿ ಗಾಡಿಯನ್ನು ಸವೆಸುವುದು ದೂರವಲ್ಲ, ಧೂಳು. ಎಂಜಿನ್ನಿನೊಳಕ್ಕೆ ನುಸುಳಿದ ಧೂಳು ಎಣ್ಣೆಯೊಡನೆ ಬೆರೆತು ಸಾಣೆಯ ಹಿಟ್ಟಿನಂತಾಗಿ ಸಿಲಿಂಡರನ್ನೂ ಪಿಸ್ಟನ್ನಿನ ಬಳೆಗಳನ್ನೂ ತೇಯುತ್ತದೆ. ಕಾಲಕ್ರಮದಲ್ಲಿ ಗಾಡಿ ಎಣ್ಣೆ ಕುಡಿಯತೊಡಗುತ್ತದೆ. ನೀಲಿ ಹೊಗೆ ಕಾಣುತ್ತದೆ. ಇದನ್ನು ತಡೆಯಲೆಂದೇ ಹಿಂದಿನ ಅನೇಕ ಜೀಪುಗಳಲ್ಲಿ ಎಣ್ಣೆಯ ಬಟ್ಟಲುಳ್ಳ ಗಾಳಿಶೋಧಕವಿದೆ. ಒಳಬರುವ ಗಾಳಿ ಎಣ್ಣೆಯ ಮೇಲೆ ಥಟ್ಟನೆ ತಿರುಗುವಾಗ ಭಾರವಾದ ಧೂಳಿನ ಕಣಗಳು ಎಣ್ಣೆಯಲ್ಲಿ ಬೀಳುತ್ತವೆ. ಉಳಿದವು ಎಣ್ಣೆ ಸವರಿದ ಜಾಲರಿಗೆ ಅಂಟುತ್ತವೆ. ಬೇಸಗೆಯಲ್ಲಿ ವಾರಕ್ಕೊಮ್ಮೆಯಾದರೂ ಬಟ್ಟಲನ್ನು ಬಿಚ್ಚಿ ನೋಡಿ, ಕೆಸರು ಕಟ್ಟಿದ್ದರೆ ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕುವುದು ಲೇಸು. ಗುರುತು ಮೀರಿ ತುಂಬುವುದೂ ಅಪಾಯವೇ. ಡೀಸೆಲ್ ಎಂಜಿನ್ನು ಆ ಎಣ್ಣೆಯನ್ನೇ ಹೀರಿ ಉರಿಸಿಕೊಂಡು ಕೈಮೀರಿ ಓಡಬಹುದು.

ಟ್ಯಾಪೆಟ್ಟಿನ ಸೆಟ್ಟಿಂಗೂ ಹೀಗೆಯೇ ಅಳತೆಯ ಮಾತು. ಕವಾಟಕ್ಕೂ ಅದನ್ನು ಒತ್ತುವ ಸನ್ನೆಗೂ ನಡುವೆ ಕೂದಲೆಳೆಯಷ್ಟು ಎಡೆ ಇರತಕ್ಕದ್ದು. ಎಡೆ ಹೆಚ್ಚಾದರೆ ಟಕಟಕ ಸದ್ದು. ತೀರ ಕಡಮೆಯಾದರೆ ಸದ್ದಿಲ್ಲದೆ ಕವಾಟವೇ ಸುಡುತ್ತದೆ. ಮೌನವೆಲ್ಲ ಆರೋಗ್ಯದ ಲಕ್ಷಣವಲ್ಲ! ಸರಿಯಾದ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ.

ನಾಲ್ಕು ಗಾಲಿಗೂ ಬಲ ಕೊಡುವ ಸನ್ನೆಗೋಲಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಒಣ ಡಾಂಬರಿನ ಮೇಲೆ ನಾಲ್ಕನ್ನೂ ಒಂದೇ ಬಲಕ್ಕೆ ಕಟ್ಟಿದರೆ ಆ ವ್ಯತ್ಯಾಸಕ್ಕೆ ಎಡೆಯಿಲ್ಲದೆ ಷಾಫ್ಟುಗಳು ಬಿಗಿದು ಗೇರುಗಳು ನಲುಗುತ್ತವೆ. ಕೆಸರಿನಲ್ಲಾದರೆ ಗಾಲಿ ಕೊಂಚ ಜಾರಿ ಬಿಗಿಯನ್ನು ಬಿಡಿಸಿಕೊಳ್ಳುತ್ತದೆ. ಆದಕಾರಣ ಆ ಸನ್ನೆಗೋಲು ಕೆಸರು, ಮರಳುಗಳಿಗೆ ಮೀಸಲು. ಆದರೂ ತಿಂಗಳಿಗೊಮ್ಮೆ ಸಡಿಲ ಮಣ್ಣಿನಲ್ಲಿ ಅದನ್ನು ಹಾಕಿ ತೆಗೆಯಬೇಕು. ಇಲ್ಲವಾದರೆ ಬೇಕಾದ ದಿನ ಅದು ಅಲುಗಲಾರದು.

ಇವೆಲ್ಲ ಗಾಡಿಯನ್ನು ಓಡಿಸುವ ಮಾತಾಯಿತು. ನಿಲ್ಲಿಸುವುದು ಅದಕ್ಕಿಂತ ಮುಖ್ಯ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ತೇವ ಸೇರಿದ ದ್ರವ ಇಳಿಜಾರಿನ ಕಾವಿನಲ್ಲಿ ಕುದಿದು ಆವಿಯಾದರೆ, ಪೆಡಲು ಒತ್ತಿದರೂ ಗಾಡಿ ನಿಲ್ಲದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಖರ್ಚು ಅಲ್ಪ. ಉಳಿಸುವ ಜೀವಗಳಿಗೆ ಬೆಲೆ ಕಟ್ಟಲಾಗದು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಸ್ವಂತ ಬಳಕೆಯ ಗಾಡಿಯ ನೋಂದಣಿಗೆ 15 ವರ್ಷದ ಅವಧಿ. ಬಳಿಕ 5 ವರ್ಷಕ್ಕೊಮ್ಮೆ ನವೀಕರಣ. ಆ ತಪಾಸಣೆಯ ದಿನಕ್ಕಾಗಿ ಮಾತ್ರ ಗಾಡಿಯನ್ನು ಸಿಂಗರಿಸುವವರು ಒಳಗೆ ಕುಳಿತವರನ್ನು ಮರೆತಂತೆಯೇ ಸರಿ.

ನಮ್ಮ ಶಾಲೆಗಳಲ್ಲಿ ಘರ್ಷಣೆ, ಒತ್ತಡ, ಕುದಿಬಿಂದುಗಳ ಪಾಠವನ್ನು ಕರಿಹಲಗೆಯ ಮೇಲೆ ಬರೆಯಿಸುತ್ತೇವೆ. ಊರಿನ ಒಂದು ಹಳೆಯ ಜೀಪಿನ ಬಾನೆಟ್ಟನ್ನು ತೆರೆದಿಟ್ಟು ಅದೇ ಪಾಠವನ್ನು ಹೇಳುವ ಉಪಾಧ್ಯಾಯರಿದ್ದರೆ, ವಿದ್ಯಾರ್ಥಿಗೆ ವಿಜ್ಞಾನವೂ ದಕ್ಕೀತು, ಊರಿಗೆ ಗಾಡಿಯೂ ಉಳಿದೀತು.