ಕತ್ತಿ ಹರಿತವಿರಲಿ, ಕಾಲಿಗೆ ಬೂಟಿರಲಿ

ಪದವಿ ಮುಗಿಸಿ, ಒಂದೆರಡು ಸ್ಪರ್ಧಾತ್ಮಕ ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಾ ಮನೆಯಲ್ಲಿ ಕುಳಿತವರಿಗೆ ಮಲೆನಾಡಿನಲ್ಲಿ ತಕ್ಷಣ ಸಿಗುವ ಉದ್ಯೋಗ ಒಂದೇ, ತೋಟದ್ದು. ಸಂಬಳವಿಲ್ಲ, ಊಟ ಉಂಟು. ಒಂದು ವರ್ಷದಿಂದ ನಾನೂ ಅದೇ ‘ಹುದ್ದೆ’ಯಲ್ಲಿದ್ದೇನೆ. ಬೇಲಿ ಸವರುವುದು, ಸೊಪ್ಪು ಕಡಿಯುವುದು, ಅಡಿಕೆ ಸುಲಿಯುವುದು... ಎಲ್ಲದಕ್ಕೂ ಕತ್ತಿ ಬೇಕು.

ನಮ್ಮ ತೋಟಕ್ಕೆ ಬರುವ ಹಿರಿಯ ಕೆಲಸಗಾರರೊಬ್ಬರಿಗೆ ಅರವತ್ತು ದಾಟಿದೆ. ಹತ್ತೂ ಬೆರಳು ನೆಟ್ಟಗಿವೆ. ಬೆಳಿಗ್ಗೆ ಬಂದವರು ಮೊದಲು ಮಸೆಯುವ ಕಲ್ಲಿನ ಮುಂದೆ ಕೂರುತ್ತಾರೆ. ನೀರು ಚಿಮುಕಿಸಿ ಹತ್ತು ನಿಮಿಷ ಕತ್ತಿ ಮಸೆದ ಮೇಲೆಯೇ ತೋಟಕ್ಕೆ ಇಳಿಯುವುದು. ‘ಮೊಂಡು ಕತ್ತಿ ಕೊಂಬೆ ಬಿಟ್ಟು ಕಾಲು ಹುಡುಕ್ತದೆ ತಮ್ಮಾ’ ಎನ್ನುತ್ತಾರೆ. ನಿಜವೇ. ಹರಿತವಾದ ಕತ್ತಿ ಇಟ್ಟಲ್ಲೇ ಕಚ್ಚುತ್ತದೆ. ಮೊಂಡಾದದ್ದಕ್ಕೆ ಬಲ ಹಾಕಬೇಕು. ಅದು ಕೊಂಬೆಯ ಮೇಲೆ ಜಾರಿದರೆ ಅಷ್ಟೂ ಬಲ ನಮ್ಮ ಮೊಣಕಾಲಿಗೇ ಬರುತ್ತದೆ.

ಅವರು ‘ಸುರಕ್ಷತೆ’ ಎಂಬ ಪದ ಬಳಸಿದ್ದನ್ನು ನಾನು ಕೇಳಿಲ್ಲ. ಆದರೆ ಕತ್ತಿಯನ್ನು ಎಂದೂ ಕೈಯಿಂದ ಕೈಗೆ ಕೊಡುವುದಿಲ್ಲ, ನೆಲದ ಮೇಲಿಡುತ್ತಾರೆ, ನಾವು ಎತ್ತಿಕೊಳ್ಳಬೇಕು. ಕೆಲಸ ನಿಲ್ಲಿಸಿದರೆ ಅದು ಸೊಂಟದ ಹಿಂದಿನ ಕೊಕ್ಕೆಗೆ ಹೋಗಬೇಕು, ಹುಲ್ಲಿನಲ್ಲಿ ಬಿಡುವ ಹಾಗಿಲ್ಲ. ಕೊಂಬೆ ಹಿಡಿದ ಎಡಗೈ ಏಟು ಬೀಳುವ ಜಾಗದಿಂದ ದೂರ, ಏಟಿನ ದಿಕ್ಕು ಮೈಯಿಂದ ಆಚೆಗೆ. ಕಾಲು ಜಾರಿತೋ, ಮೊದಲು ಕತ್ತಿಯನ್ನು ದೂರ ಎಸೆ, ಆಮೇಲೆ ಬೀಳು! ಮಳೆಗಾಲದಲ್ಲಂತೂ ಹಿಡಿ ಒರೆಸಲು ಅವರ ಹೆಗಲ ಮೇಲೊಂದು ಬಟ್ಟೆ ಇದ್ದೇ ಇರುತ್ತದೆ.

ಅಡಿಕೆ ಸುಲಿಯುವ ಮೆಟ್ಟುಗತ್ತಿಯದು ಬೇರೆ ಲೆಕ್ಕ. ಅಲ್ಲಿ ಕತ್ತಿ ನಿಂತಿರುತ್ತದೆ, ಕೈ ಓಡುತ್ತದೆ. ರಾತ್ರಿ ಹರಟೆ ಹೊಡೆಯುತ್ತಾ ಸುಲಿಯುವಾಗ ತೂಕಡಿಕೆಯೇ ಶತ್ರು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವ ಅಮ್ಮ, ಎದ್ದು ಹೋಗುವಾಗ ಅಲಗಿನ ಮೇಲೆ ಗೋಣಿ ಮುಚ್ಚದಿದ್ದರೆ ಯಾರನ್ನೂ ಬಿಡುವುದಿಲ್ಲ.

ಈಗ ಹುಡುಗರ ಕೈಗೆ ಬಂದಿರುವುದು ಕಳೆ ಕತ್ತರಿಸುವ ಯಂತ್ರ. ಭಾನುವಾರ ಬೇರೆಯವರ ತೋಟದಲ್ಲಿ ಹುಲ್ಲು ಹೊಡೆದು ಫೀಸಿಗೆ ದುಡ್ಡು ಹೊಂದಿಸುವ ಗೆಳೆಯರು ನನಗಿದ್ದಾರೆ. ಅವರಲ್ಲೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಾಗುತ್ತಿದ್ದ. ದಿನಾ ಬೆಳಿಗ್ಗೆ ಓಟದ ಅಭ್ಯಾಸ. ಹವಾಯಿ ಚಪ್ಪಲಿಯಲ್ಲೇ ಯಂತ್ರ ಹಿಡಿದಿದ್ದ. ಬ್ಲೇಡು ಕಲ್ಲಿಗೆ ತಾಗಿ ಹಿಂದಕ್ಕೆ ಚಿಮ್ಮಿತು. ಪಾದಕ್ಕೆ ಹೊಲಿಗೆ ಬಿತ್ತು, ದೈಹಿಕ ಪರೀಕ್ಷೆಯ ದಿನ ಅವನು ಮಂಚದ ಮೇಲಿದ್ದ. ಗಮ್‌ಬೂಟು, ಮುಖಕ್ಕೆ ಕವಚ, ದಪ್ಪ ಪ್ಯಾಂಟು ಇಲ್ಲದೆ ಅದನ್ನು ಮುಟ್ಟಬಾರದು. ಬ್ಲೇಡು ಕಲ್ಲನ್ನು ಗುಂಡಿನಂತೆ ಹಾರಿಸುತ್ತದೆ. 15 ಮೀಟರ್ ಒಳಗೆ ಯಾರೂ ಇರಬಾರದೆಂದು ಯಂತ್ರದ ಜೊತೆ ಬರುವ ಕೈಪಿಡಿಗಳೇ ಹೇಳುತ್ತವೆ. ಹುಲ್ಲು ಸುತ್ತಿಕೊಂಡರೆ ಎಂಜಿನ್ ಆಫ್ ಮಾಡಿ, ಬ್ಲೇಡು ಪೂರ್ತಿ ನಿಂತ ಮೇಲೆಯೇ ಕೈ ಹಾಕಬೇಕು. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಯಂತ್ರ ತಿರುಗಿಸುವವರಿಗೆ ಹಿಂದೆ ಬಂದು ಕರೆದವರ ದನಿ ಕೇಳುವುದೇ ಇಲ್ಲ.

ಗಾಯವಾದರೆ ನಮ್ಮೂರಿನಲ್ಲಿ ಮೊದಲು ಬರುವುದು ಕಾಫಿ ಪುಡಿ ಅಥವಾ ಯಾವುದೋ ಸೊಪ್ಪಿನ ರಸ. ಬೇಡ. ಹರಿಯುವ ನೀರು, ಸೋಪಿನಿಂದ ತೊಳೆದು, ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು, ಗಾಯವಾದ ಭಾಗವನ್ನು ಎತ್ತರಿಸಬೇಕು. ರಕ್ತ ಚಿಮ್ಮುತ್ತಿದ್ದರೆ ತೊಳೆಯುತ್ತಾ ಕೂರದೆ ಒತ್ತಿ ಹಿಡಿದೇ ಆಸ್ಪತ್ರೆಗೆ ಹೊರಡುವುದು. ಬೆರಳು ತುಂಡಾದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ಇನ್ನು ಧನುರ್ವಾಯು. ಅದರ ರೋಗಾಣು ಮಣ್ಣಿನಲ್ಲೇ ಇರುತ್ತದೆ. ನಮಗೆಲ್ಲ 10 ಮತ್ತು 16ನೇ ವಯಸ್ಸಿಗೆ ಲಸಿಕೆ ಹಾಕುವ ವ್ಯವಸ್ಥೆಯಿದೆ, ಆಮೇಲೆ ನೆನಪಿಸುವವರಿಲ್ಲ. ಹೋದ ತಿಂಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ನಾನು ಹಾಕಿಸಿಕೊಂಡೆ. ಆ ಹಿರಿಯರನ್ನೂ ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ನಲವತ್ತು ವರ್ಷ ಕತ್ತಿ ಹಿಡಿದವರು ಸೂಜಿ ಕಂಡದ್ದೇ ಕಣ್ಣು ಮುಚ್ಚಿಕೊಂಡರು.