ತಲೆಗೆ ಪೆಟ್ಟು: ಸ್ಕ್ಯಾನ್ ಯಾರಿಗೆ ಬೇಕು, ಯಾರಿಗೆ ಬೇಡ?

ತಲೆಗೆ ಪೆಟ್ಟು ಬಿದ್ದು ಒಂದು ಕ್ಷಣ ಎಚ್ಚರ ತಪ್ಪಿ, ಆಸ್ಪತ್ರೆ ಸೇರುವ ಹೊತ್ತಿಗೆ ಸರಿಯಾಗಿ ಮಾತಾಡುತ್ತಿರುವವರಿಗೆ ಸಿ.ಟಿ. ಸ್ಕ್ಯಾನ್ ಬೇಕೆ? ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯುವ ತನಕ ಈ ಪ್ರಶ್ನೆಯೇ ಇರಲಿಲ್ಲ. ಅದಕ್ಕೆ ಮುಂಚೆ ಎಕ್ಸ್‌ರೇಯಲ್ಲಿ ಬುರುಡೆಯ ಬಿರುಕು ಕಾಣುತ್ತಿತ್ತು, ಒಳಗೆ ಒಸರಿದ ರಕ್ತ ಕಾಣುತ್ತಿರಲಿಲ್ಲ. ಯಂತ್ರ ಎಲ್ಲೆಡೆ ಬಂದ ಮೇಲೆ ಸಣ್ಣ ಪೆಟ್ಟಿಗೂ ಸ್ಕ್ಯಾನ್ ಬರೆಯುವುದು ರೂಢಿಯಾಯಿತು. 2000ದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ವೈದ್ಯರು ಏಳು ಲಕ್ಷಣಗಳ ಪಟ್ಟಿ ಪ್ರಕಟಿಸಿ, ಅವುಗಳಲ್ಲಿ ಒಂದೂ ಇಲ್ಲದಿದ್ದರೆ ಸ್ಕ್ಯಾನ್ ಬೇಡ ಎಂದರು. ಆದರೆ ತಲೆನೋವು, ಕೊರಳೆಲುಬಿನಿಂದ (ಕಾಲರ್‌ಬೋನ್) ಮೇಲೆ ಯಾವುದೇ ಗಾಯ ಇವೆರಡೂ ಆ ಪಟ್ಟಿಯಲ್ಲಿದ್ದವು. ತಲೆಗೆ ಪೆಟ್ಟಾದವರಲ್ಲಿ ಇವೆರಡೂ ಇಲ್ಲದವರು ಎಷ್ಟು ಮಂದಿ?

ಕೆನಡಾದ ಒಟ್ಟಾವದಲ್ಲಿ ಇಯಾನ್ ಸ್ಟೀಲ್ ಅವರ ತಂಡ ಮರುವರ್ಷವೇ ಇನ್ನೊಂದು ನಿಯಮ ಮುಂದಿಟ್ಟಿತು. ಹತ್ತು ಆಸ್ಪತ್ರೆಗಳ 3121 ರೋಗಿಗಳನ್ನು ಆಧರಿಸಿದ ನಿಯಮ ಅದು. ಅದರ ಹೆಚ್ಚುಗಾರಿಕೆ ಲಕ್ಷಣಗಳ ಆಯ್ಕೆಗಿಂತ ಮೊದಲು ಕೇಳಿಕೊಂಡ ಪ್ರಶ್ನೆಯಲ್ಲಿದೆ ಎಂಬುದು ನನ್ನ ವಾದ. ಸ್ಕ್ಯಾನಿನಲ್ಲಿ ಏನಾದರೂ ಕಾಣಬಹುದೇ ಎಂದು ಕೇಳಿದರೆ ಎಲ್ಲರನ್ನೂ ಯಂತ್ರದ ಕೆಳಗೆ ಮಲಗಿಸಬೇಕಾಗುತ್ತದೆ. ಸ್ಟೀಲ್ ತಂಡ ಕೇಳಿದ್ದು, ಕಂಡದ್ದರಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು. ಬೇರೆ ತೊಂದರೆಯಿಲ್ಲದ ರೋಗಿಯಲ್ಲಿ 5 ಮಿಲಿಮೀಟರಿಗಿಂತ ಚಿಕ್ಕದಾದ ಒಂಟಿ ಜಜ್ಜುಗಾಯವನ್ನು ಅವರು ಮುಖ್ಯ ಗಾಯವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಅಳತೆಯಲ್ಲೂ 254 ಮಂದಿಗೆ ಮುಖ್ಯ ಗಾಯಗಳಿದ್ದವು, 44 ಮಂದಿಗೆ ನರಶಸ್ತ್ರಚಿಕಿತ್ಸಕರ ನೆರವು ಬೇಕಾಯಿತು. ಪೆಟ್ಟಾಗಿ ಎರಡು ಗಂಟೆ ಕಳೆದರೂ ಪೂರ್ತಿ ಎಚ್ಚರ ಮರಳದಿರುವುದು, ಬುರುಡೆ ಒಡೆದಿರುವ ಶಂಕೆ, ಬುರುಡೆಯ ತಳ ಒಡೆದ ಗುರುತು, ಎರಡು ಸಲ ಅಥವಾ ಹೆಚ್ಚು ವಾಂತಿ, 65 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸು: ಆ 44 ಮಂದಿಯಲ್ಲಿ ಪ್ರತಿಯೊಬ್ಬರಲ್ಲೂ ಇವುಗಳಲ್ಲಿ ಒಂದಾದರೂ ಇತ್ತು. ಈ ಐದೇ ನಿಯಮದ ಮೊದಲ ಹಂತವಾದವು. ಪೆಟ್ಟಿಗೆ ಮುಂಚಿನ ಅರ್ಧ ಗಂಟೆಯ ನೆನಪು ಅಳಿಸಿಹೋಗುವುದು ಮತ್ತು ವಾಹನ ಬಡಿಯುವಂಥ ಅಪಾಯಕರ ಅಪಘಾತ, ಇವೆರಡನ್ನು ಎರಡನೇ ಹಂತಕ್ಕೆ ಸೇರಿಸಿದರು.

ಸ್ಕ್ಯಾನ್ ಮಾಡದವರಲ್ಲಿ ಗಾಯವಿರಲಿಲ್ಲ ಎಂದು ಹೇಗೆ ಗೊತ್ತು ಎಂಬ ಆಕ್ಷೇಪಕ್ಕೆ ತೂಕವಿದೆ. ಸುಮಾರು ಮೂರನೇ ಒಂದು ಭಾಗದವರಿಗೆ ಸ್ಕ್ಯಾನ್ ಆಗಿರಲಿಲ್ಲ. ಹದಿನಾಲ್ಕು ದಿನಗಳ ನಂತರ ನರ್ಸ್ ಫೋನ್ ಮಾಡಿ ತಲೆನೋವು, ಮರೆವು, ದಿನನಿತ್ಯದ ಕೆಲಸಗಳ ಬಗ್ಗೆ ವಿಚಾರಿಸುತ್ತಿದ್ದರು, ಫೋನಿನಲ್ಲೇ ಪುಟ್ಟ ಜ್ಞಾಪಕ ಪರೀಕ್ಷೆಯನ್ನೂ ಮಾಡುತ್ತಿದ್ದರು. ಇದು ಚಿತ್ರದಷ್ಟು ಖಚಿತವಲ್ಲ, ನಿಜ. ಆದರೆ ರೋಗಿ ಎರಡು ವಾರ ಚೆನ್ನಾಗಿದ್ದಾನೆಯೇ ಎಂಬುದೇ ಇಲ್ಲಿ ಬೇಕಾದ ಉತ್ತರ. 2005ರಲ್ಲಿ ಪೂರ್ತಿ ಎಚ್ಚರದಲ್ಲಿದ್ದ 1822 ಮಂದಿಯ ಮೇಲೆ ಎರಡೂ ನಿಯಮಗಳನ್ನು ಹೋಲಿಸಿದಾಗ, ನರಶಸ್ತ್ರಚಿಕಿತ್ಸೆ ಬೇಕಿದ್ದ ಎಂಟೂ ಮಂದಿಯನ್ನು ಎರಡೂ ಹಿಡಿದವು. ಆದರೆ ಕೆನಡಾದ ನಿಯಮದಂತೆ ಶೇ. 52 ಮಂದಿಗೆ, ನ್ಯೂ ಆರ್ಲಿಯನ್ಸ್ ನಿಯಮದಂತೆ ಶೇ. 88 ಮಂದಿಗೆ ಸ್ಕ್ಯಾನ್ ಬೇಕಾಗುತ್ತಿತ್ತು.

ಒಂದೇ ಒಂದು ಜೀವ ಹೋದರೂ ಈ ಲೆಕ್ಕಾಚಾರಕ್ಕೆ ಏನು ಅರ್ಥ ಎಂದು ಕೇಳಬಹುದು. 2009ರಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದು, ಚೆನ್ನಾಗಿದ್ದೇನೆಂದು ಹೇಳಿ, ಆಮೇಲೆ ತಲೆನೋವು ಶುರುವಾಗಿ ಎರಡು ದಿನಗಳಲ್ಲಿ ತೀರಿಕೊಂಡರು. ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಕಟ್ಟಿತ್ತು. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಿಯಮ ರೂಪುಗೊಂಡದ್ದು ಎಚ್ಚರ ತಪ್ಪಿದ, ನೆನಪು ಹೋದ ಅಥವಾ ಗೊಂದಲಕ್ಕೊಳಗಾದ ರೋಗಿಗಳಿಗೆ. ಸಮಯಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತದವರನ್ನು ಯಾವ ನಿಯಮವೂ ಕಾಯಲಾರದು. ಅಂಥವರಿಗೆ ಬೇಕಾದದ್ದು ಮನೆಯವರ ನಿಗಾ, ತಲೆನೋವು ಏರಿದರೆ ತಡಮಾಡದೆ ಕರೆತರಬೇಕೆಂಬ ತಿಳಿವಳಿಕೆ.

ನಿಯಮ ಬಂದಮೇಲೆ ಸ್ಕ್ಯಾನುಗಳು ಕಡಿಮೆಯಾದವೇ? ಇಲ್ಲ. ಹನ್ನೆರಡು ಕೆನಡಾ ಆಸ್ಪತ್ರೆಗಳ ಪ್ರಯೋಗದ ಫಲಿತಾಂಶ 2010ರಲ್ಲಿ ಬಂದಾಗ, ನಿಯಮ ಕಲಿಸಿದ ಆಸ್ಪತ್ರೆಗಳಲ್ಲೇ ಸ್ಕ್ಯಾನ್ ಪ್ರಮಾಣ ಶೇ. 62.8ರಿಂದ 76.2ಕ್ಕೆ ಏರಿತ್ತು. ಕಲಿಸದ ಕಡೆಯೂ ಏರಿತ್ತು. ಇದು ನಿಯಮದ ಸೋಲು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸ್ಕ್ಯಾನ್ ಬರೆದ ವೈದ್ಯರನ್ನು ಯಾರೂ ದೂರುವುದಿಲ್ಲ, ಬಿಟ್ಟವರನ್ನು ದೂರುತ್ತಾರೆ. ಮೇಲಾಗಿ ಪೂರ್ತಿ ಎಚ್ಚರ ಮರಳಿತೇ ಎಂದು ಎರಡು ಗಂಟೆ ಕಾಯುವುದಕ್ಕೆ ಒಂದು ಹಾಸಿಗೆ ಬೇಕು, ನಡುನಡುವೆ ಬಂದು ರೋಗಿಯನ್ನು ಮಾತಾಡಿಸಿ ಎಚ್ಚರದ ಮಟ್ಟಕ್ಕೆ ಅಂಕ ಬರೆಯುವ ನರ್ಸ್ ಬೇಕು. ಗಿಜಿಗುಡುವ ತುರ್ತು ವಿಭಾಗದಲ್ಲಿ ಇವೆರಡಕ್ಕಿಂತ ಯಂತ್ರವೇ ಸುಲಭವಾಗಿ ಸಿಗುತ್ತದೆ.